ಹಾಸನದಲ್ಲಿ ಕೂತು ಹೊಸ ಗ್ರಾಫಿಕ್ಸ್ ಕಾರ್ಡ್ ತಗೊಂಡಿದ್ದು

ನಾನು ಹಾಸನದಲ್ಲಿ ಮದುವೆ ವಿಡಿಯೋ ಎಡಿಟಿಂಗ್ ಮಾಡೋನು, ಗೇಮ್ ಆಡೋನಲ್ಲ, ಇದನ್ನ ಮೊದಲೇ ಹೇಳ್ಬಿಡ್ತೀನಿ, ಯಾಕಂದ್ರೆ ಗ್ರಾಫಿಕ್ಸ್ ಕಾರ್ಡ್ ಅಂದ ತಕ್ಷಣ ಎಲ್ರೂ ಕೇಳೋದು ಗೇಮ್‌ನಲ್ಲಿ ಎಷ್ಟು ಎಫ್‌ಪಿಎಸ್ (ಸೆಕೆಂಡಿಗೆ ಎಷ್ಟು ಫ್ರೇಮ್) ಬರುತ್ತೆ ಅಂತ. ನಮ್ಮ ತೊಂದ್ರೆ ಬೇರೆ. ಈಗಿನ ಸೋನಿ ಕ್ಯಾಮರಾಗಳಲ್ಲಿ ಶೂಟ್ ಮಾಡಿದ 10 ಬಿಟ್ 4:2:2 (ಬಣ್ಣದ ವಿವರ ಮಾಮೂಲಿಗಿಂತ ಜಾಸ್ತಿ ಉಳಿಸ್ಕೊಳ್ಳೋ ತರ) ಫೈಲ್‌ನಲ್ಲಿ ಬಣ್ಣ ಚೆನ್ನಾಗಿ ಬರುತ್ತೆ, ರೇಷ್ಮೆ ಸೀರೆ ಅಂಚು, ಅರಿಶಿನ, ಕುಂಕುಮ ಎಲ್ಲ ಒಡೆಯದೆ ನಿಲ್ಲುತ್ತೆ, ಆದ್ರೆ ಆ ಫೈಲ್‌ನ ಟೈಮ್‌ಲೈನ್‌ಗೆ ಹಾಕಿದ್ರೆ ಎನ್ವಿಡಿಯಾ ಕಂಪನಿಯ ಹಳೇ ಕಾರ್ಡ್ ಯಾವುದೂ ಅದನ್ನ ಹಾರ್ಡ್‌ವೇರ್‌ನಲ್ಲಿ ಡಿಕೋಡ್ ಮಾಡ್ತಿರ್ಲಿಲ್ಲ, ಅಂದ್ರೆ ಒತ್ತಿಟ್ಟ ವಿಡಿಯೋನ ಕಾರ್ಡೇ ಬಿಚ್ಚಿ ತೋರಿಸ್ತಿರ್ಲಿಲ್ಲ. ನಂದು ಎನ್ವಿಡಿಯಾದ್ದೇ 1660 ಸೂಪರ್ ಕಾರ್ಡು, ಪ್ರೊಸೆಸರ್ ಎಎಂಡಿ ಕಂಪನಿಯ ರೈಜನ್. ಎಲ್ಲ ಭಾರ ಪ್ರೊಸೆಸರ್ ಮೇಲೆ ಬಿದ್ದು ಪ್ಲೇಬ್ಯಾಕ್ ತೆವಳೋದು. ರಾತ್ರಿ ಪ್ರಾಕ್ಸಿ (ಎಡಿಟಿಂಗ್‌ಗೆ ಅಂತ ಮಾಡೋ ಹಗುರ ನಕಲು ಫೈಲ್) ಮಾಡೋಕೆ ಹಾಕಿ ಮಲಗೋದು, ಮಧ್ಯರಾತ್ರಿ ಕರೆಂಟ್ ಹೋಗೋದು, ಬೆಳಿಗ್ಗೆ ಎದ್ದು ನೋಡಿದ್ರೆ ಅರ್ಧ ಆಗಿರೋದು.

ಇಂಟೆಲ್ ಪ್ರೊಸೆಸರ್ ಹಾಕಿಸ್ಕೊ ಮಾರಾಯ, ಅದ್ರಲ್ಲಿ ವಿಡಿಯೋ ಬಿಚ್ಚೋಕೆ ಕ್ವಿಕ್ ಸಿಂಕ್ ಅಂತ ಇರುತ್ತೆ, ಎಚ್.265 (ವಿಡಿಯೋ ಒತ್ತಿಡೋ ಒಂದು ವಿಧಾನ) 4:2:2 ಅದು ಎಷ್ಟೋ ವರ್ಷದಿಂದ ಮಾಡ್ತಿದೆ ಅಂತ ಗೆಳೆಯರು ಹೇಳಿದ್ರು, ನಿಜ, ಸುಳ್ಳಲ್ಲ. ಆದ್ರೆ ಅದಕ್ಕೆ ಮದರ್‌ಬೋರ್ಡ್, ರ‍್ಯಾಮ್ ಎಲ್ಲ ಬದಲಾಯಿಸ್ಬೇಕಿತ್ತು, ಮತ್ತೆ ರಿಸೆಪ್ಷನ್‌ನ ಕತ್ತಲೆ ಫೂಟೇಜಿಗೆ ನಾಯ್ಸ್ ರಿಡಕ್ಷನ್ (ಚಿತ್ರದ ಕಾಳುಕಾಳು ತೆಗೆಯೋದು) ಹಾಕಿದ್ರೆ ಗ್ರಾಫಿಕ್ಸ್ ಕಾರ್ಡ್ ಹೇಗಿದ್ರೂ ಬೇಕು. ಹಂಗಾಗಿ ಕಾಯ್ತಾ ಇದ್ದೆ.

2025ರ ಜನವರಿಯಲ್ಲಿ ಲಾಸ್ ವೇಗಸ್‌ನ ಸಿಇಎಸ್ ಅನ್ನೋ ಎಲೆಕ್ಟ್ರಾನಿಕ್ಸ್ ಮೇಳದಲ್ಲಿ ಎನ್ವಿಡಿಯಾ ಮುಖ್ಯಸ್ಥ ಜೆನ್ಸನ್ ಹ್ವಾಂಗ್ ಫಳಫಳ ಹೊಳೆಯೋ ಜಾಕೆಟ್ ಹಾಕ್ಕೊಂಡು 50 ಸರಣಿ ಕಾರ್ಡ್‌ಗಳನ್ನ ಅನೌನ್ಸ್ ಮಾಡಿದ್ದು ಅಲ್ಲಿ 6ನೇ ತಾರೀಖು ಸಂಜೆ, ನಮಗೆ 7ನೇ ತಾರೀಖು ಬೆಳಿಗ್ಗೆ ಎಂಟು ಗಂಟೆ. ಧನುರ್ಮಾಸ ನೋಡಿ, ಮದುವೆ ಒಂದೂ ಇರ್ಲಿಲ್ಲ, ಇಡ್ಲಿ ತಿಂತಾ ಪೂರ್ತಿ ನೋಡ್ದೆ. 5090ಗೆ 1,999 ಡಾಲರ್, 5080ಗೆ 999, 5070 ಟಿಐಗೆ 749, 5070ಗೆ 549. ಇಂಡಿಯಾಗೆ ಕಂಪನಿ ಹೇಳಿದ ಬೆಲೆ ಕ್ರಮವಾಗಿ 2,14,000, 1,07,000, 80,000, 59,000 ರೂಪಾಯಿ. ಇನ್ನೂ ಕಾರ್ಯಕ್ರಮ ಮುಗಿದಿರ್ಲಿಲ್ಲ, ನಮ್ಮಕ್ಕನ ಮಗ ಫೋನ್ ಮಾಡ್ದ. ಇಂಜಿನಿಯರಿಂಗ್ ಓದ್ತಾನೆ, ಕಾಲೇಜಿಗಿಂತ ಜಾಸ್ತಿ ಹೊತ್ತು ಗೇಮ್‌ನಲ್ಲೇ ಇರ್ತಾನೆ.

'ಮಾಮ, 5070 ತಗೊಂಡ್ರೆ 4090 ಪರ್ಫಾರ್ಮೆನ್ಸ್ ಸಿಗುತ್ತಂತೆ, ಅವರೇ ಹೇಳಿದ್ರು!'

4090 ಅಂದ್ರೆ 2022ರಲ್ಲಿ 1,599 ಡಾಲರ್‌ಗೆ ಬಂದ ಕಾರ್ಡು. 549ಕ್ಕೆ ಅದೇ ಸಿಗುತ್ತೆ ಅಂದ್ರೆ ಯಾರಿಗಾದ್ರೂ ಬಾಯಲ್ಲಿ ನೀರು ಬರುತ್ತೆ. ಅದರ ಗುಟ್ಟು ಡಿಎಲ್‌ಎಸ್‌ಎಸ್ 4ರ ಮಲ್ಟಿ ಫ್ರೇಮ್ ಜನರೇಷನ್, ಅಂದ್ರೆ ಕಾರ್ಡ್ ನಿಜವಾಗಿ ಒಂದು ಫ್ರೇಮ್ ಬರೆದ್ರೆ ಎಐ ಅದರ ಜೊತೆ ಮೂರರ ತನಕ ಫ್ರೇಮ್ ಸೇರಿಸುತ್ತೆ, ಲೆಕ್ಕದಲ್ಲಿ ನಂಬರ್ ಹೆಚ್ಚಾಗುತ್ತೆ. ನನ್ನ ಎಡಿಟಿಂಗ್‌ಗೆ ಅದರಿಂದ ಮೂರು ಕಾಸಿನ ಉಪಯೋಗ ಇಲ್ಲ. ನಂಗೆ ಬೇಕಾಗಿದ್ದು ಸ್ಪೆಕ್ ಟೇಬಲ್‌ನಲ್ಲಿ ಎಲ್ಲೋ ಕೆಳಗಡೆ ಇತ್ತು: ಈ ಸರಣಿಯಲ್ಲಿ 4:2:2 ಡಿಕೋಡ್, ಎನ್‌ಕೋಡ್ (ಮತ್ತೆ ಒತ್ತಿ ಫೈಲ್ ಮಾಡೋದು) ಎರಡೂ ಇದೆ. 5090ಯಲ್ಲಿ ಮೂರು ಎನ್‌ಕೋಡರ್ ಎರಡು ಡಿಕೋಡರ್, 5080ಯಲ್ಲಿ ಎರಡು ಎರಡು, 5070 ಟಿಐಯಲ್ಲಿ ಎರಡು ಎನ್‌ಕೋಡರ್ ಒಂದು ಡಿಕೋಡರ್, 5070ಯಲ್ಲಿ ಒಂದೊಂದು. ಅದೇ ಟೇಬಲ್‌ನಲ್ಲಿ ವ್ಯಾಟ್ ಕೂಡ ಇತ್ತು. 5090ಗೆ 575, 5080ಗೆ 360, 5070 ಟಿಐಗೆ 300, 5070ಗೆ 250.

575 ವ್ಯಾಟ್ ಅಂದ್ರೆ ನಮ್ಮನೆ ಮಿಕ್ಸಿಗಿಂತ ಸ್ವಲ್ಪ ಕಮ್ಮಿ, ಆದ್ರೆ ಮಿಕ್ಸಿನ ಚಟ್ನಿ ಆಗೋ ತನಕ ಓಡಿಸ್ತೀವಿ, ಇದು ರಾತ್ರಿಯೆಲ್ಲ ಓಡುತ್ತೆ.

ಸರಿ, ಸ್ಪೆಕ್ ಗೊತ್ತಾಯ್ತು, ಬೆಲೆ ಗೊತ್ತಾಯ್ತು, ಆದ್ರೆ ನಿಜವಾಗಿ ಹೇಗೆ ಕೆಲ್ಸ ಮಾಡುತ್ತೆ ಅಂತ ಯಾರೂ ಹೇಳೋ ಹಂಗಿಲ್ಲ. ಇಲ್ಲಿಂದ ಎಂಬಾರ್ಗೋ ಅನ್ನೋ ಆಟ ಶುರು. ಕಂಪನಿಯವರು ರಿವ್ಯೂ ಮಾಡೋರಿಗೆ ಕಾರ್ಡು, ಡ್ರೈವರ್ (ಕಾರ್ಡ್ ಓಡಿಸೋಕೆ ಬೇಕಾದ ಸಾಫ್ಟ್‌ವೇರ್) ಎಲ್ಲ ಮುಂಚೆನೇ ಕಳಿಸ್ತಾರೆ, ಇಂಥ ತಾರೀಖು ಇಂಥ ಟೈಮ್ ತನಕ ಬಾಯಿ ಬಿಡಂಗಿಲ್ಲ ಅಂತ ಸೈನ್ ಹಾಕಿಸ್ಕೊತಾರೆ. ಇದ್ರಲ್ಲಿ ಒಳ್ಳೇದೂ ಇದೆ ಅಂತ ನಂಗನ್ಸುತ್ತೆ, ಯಾಕಂದ್ರೆ ನಾನು ಫಸ್ಟು ನೀನು ಫಸ್ಟು ಅಂತ ಓಡೋದು ತಪ್ಪುತ್ತೆ, ಕೂತು ನೆಟ್ಟಗೆ ಅಳೆಯೋಕೆ ಒಂದು ವಾರ ಸಿಗುತ್ತೆ. ಆದ್ರೆ ತಾರೀಖು ಹಾಕೋರು ಯಾರು? ಮಾರೋರೇ. 5090ದು ಫೌಂಡರ್ಸ್ ಎಡಿಷನ್ (ಎನ್ವಿಡಿಯಾ ತನ್ನದೇ ಹೆಸರಲ್ಲಿ ಮಾರೋ ಮಾಡೆಲ್) ರಿವ್ಯೂ ಜನವರಿ 23ಕ್ಕೆ ಬಂತು, ಮಾರಾಟ 30ಕ್ಕೆ, ಅಲ್ಲಿಗೆ ಯೋಚನೆ ಮಾಡೋಕೆ ಒಂದು ವಾರ ಇತ್ತು. 5080 ರಿವ್ಯೂ 29ಕ್ಕೆ, ಮಾರಾಟ 30ಕ್ಕೆ, ಒಂದೇ ದಿನ. ನನಗೆ ಬೇಕಾಗಿದ್ದ 5070 ಟಿಐಗೆ ಫೌಂಡರ್ಸ್ ಎಡಿಷನ್ನೇ ಇಲ್ಲ. ಹೇಳಿದ ಬೆಲೆಗೆ ಮಾರೋ ಮಾಡೆಲ್‌ಗಳ ರಿವ್ಯೂ ಫೆಬ್ರವರಿ 19ಕ್ಕೆ, ಅದಕ್ಕಿಂತ ದುಬಾರಿ ಮಾಡೆಲ್‌ಗಳ ರಿವ್ಯೂ 20ಕ್ಕೆ, ಅಂದ್ರೆ ಸರಿಯಾಗಿ ಮಾರಾಟ ಶುರುವಾಗೋ ದಿನ. ಇದನ್ನ ಸ್ವಲ್ಪ ನಿಧಾನಕ್ಕೆ ಓದ್ಕೊಳ್ಳಿ. ಮೊದಲ ದಿನ ಎಲ್ರ ರಿವ್ಯೂನಲ್ಲೂ 749 ಡಾಲರ್ ಲೆಕ್ಕ, ಅದನ್ನ ನೋಡಿ ಜನ ಓಕೆ ಪರವಾಗಿಲ್ಲ ಅಂತ ಮನಸ್ಸು ಮಾಡ್ಕೊತಾರೆ, ಮಾರನೇ ದಿನ ಅಂಗಡಿಗೆ ಹೋದ್ರೆ ಆ ಬೆಲೆದು ಬೆರಳೆಣಿಕೆ ಪೀಸು, ಉಳಿದದ್ದೆಲ್ಲ ದುಬಾರಿ ಮಾಡೆಲ್ಲು, ಅದು ಆ ದುಡ್ಡಿಗೆ ಯೋಗ್ಯನಾ ಅಂತ ಓದೋಕೆ ಟೈಮೇ ಇಲ್ಲ.

ರಿವ್ಯೂ ಬಿಡೋ ಟೈಮು ಕ್ಯಾಲಿಫೋರ್ನಿಯಾದ ಬೆಳಿಗ್ಗೆ ಆರು ಗಂಟೆ, ಅಂದ್ರೆ ಚಳಿಗಾಲದಲ್ಲಿ ನಮಗೆ ಸಂಜೆ ಏಳೂವರೆ. 19ನೇ ತಾರೀಖು ಏಳೂವರೆಗೆ ನಾನು ಚನ್ನರಾಯಪಟ್ಟಣದ ಒಂದು ಚೌಟ್ರಿಯಲ್ಲಿ ಗಿಂಬಲ್ ಹಿಡ್ಕೊಂಡು ಸ್ಟೇಜ್ ಮುಂದೆ ನಿಂತಿದ್ದೆ, ಹುಡುಗನ ಕಡೆಯವರು ಗಿಫ್ಟ್ ಕೊಡೋಕೆ ಸಾಲು ನಿಂತಿದ್ರು, ಜೇಬಲ್ಲಿ ಫೋನ್ ಟಿಣ್ ಟಿಣ್ ಅಂತ ಹೊಡ್ಕೊತಾನೇ ಇತ್ತು, ಅಕ್ಕನ ಮಗಂದೇ ಮೆಸೇಜು. ಊಟದ ಪಂಕ್ತಿ ಹೊತ್ತಿಗೆ ಎಲೆ ಮುಂದೆ ಕೂತು ನೋಡ್ದೆ. ಅಷ್ಟೊಂದು ರಿವ್ಯೂ, ಎಲ್ಲದ್ರಲ್ಲೂ ಅದೇ ಗೇಮುಗಳು, ಅದೇ ಬಾರ್ ಚಾರ್ಟು. 4:2:2 ಬಗ್ಗೆ ಎಡಿಟಿಂಗ್ ಕಂಪ್ಯೂಟರ್ ಕಟ್ಟೋ ಪ್ಯೂಜೆಟ್ ಸಿಸ್ಟಮ್ಸ್ ತರದ ಕೆಲವರು ಬಿಟ್ರೆ ಮಾತಾಡೋರೇ ಇಲ್ಲ.

ಬುಕ್ ಮಾಡ್ಬೇಡ, ಒಂದಷ್ಟು ದಿನ ತಡಿ ಅಂತ ನಂಗೆ ನಾನೇ ಹೇಳ್ಕೊಂಡೆ. ಸೀಸನ್ ಮಧ್ಯ ಮಿಷನ್ ಬಿಚ್ಚೋಕೂ ಆಗ್ತಿರ್ಲಿಲ್ಲ ಅನ್ನೋದು ಇನ್ನೊಂದು ಕಾರಣ. ತಡೆದಿದ್ದಕ್ಕೆ ಎರಡು ಮೂರು ವಿಷ್ಯ ಗೊತ್ತಾಯ್ತು, ಯಾವುದೂ ಎಂಬಾರ್ಗೋ ದಿನದ ರಿವ್ಯೂನಲ್ಲಿ ಇರ್ಲಿಲ್ಲ. ಒಂದು, ಕೆಲವು ಕಾರ್ಡ್‌ಗಳಲ್ಲಿ ಆರ್‌ಒಪಿ ಅನ್ನೋ ಘಟಕ (ಚಿತ್ರದ ಚುಕ್ಕೆಗಳನ್ನ ಕೊನೆಗೆ ಬರೆಯೋ ಭಾಗ) ಎಂಟು ಕಮ್ಮಿ ಬಂದಿದ್ವು. 5090ಯಲ್ಲಿ 176 ಇರ್ಬೇಕಾದ ಕಡೆ 168, 5070 ಟಿಐಯಲ್ಲಿ 96ರ ಬದಲು 88. ಅರ್ಧ ಪರ್ಸೆಂಟ್‌ಗಿಂತ ಕಮ್ಮಿ ಕಾರ್ಡ್‌ಗಳಲ್ಲಿ ಹಿಂಗಾಗಿದೆ, ಗ್ರಾಫಿಕ್ಸ್ ಸ್ಪೀಡ್ ಸರಾಸರಿ ಶೇ. 4 ಕಮ್ಮಿ ಆಗುತ್ತೆ, ಬದಲಾಯಿಸಿ ಕೊಡ್ತೀವಿ ಅಂತ ಎನ್ವಿಡಿಯಾ ಒಪ್ಕೊಂತು. ಇನ್ನೊಂದು, 572 ಸರಣಿ ಡ್ರೈವರ್‌ನಲ್ಲಿ ಸ್ಕ್ರೀನ್ ಕಪ್ಪಾಗ್ತಿದೆ ಅನ್ನೋ ದೂರು, ಅದಕ್ಕೆ ಮೇಲಿಂದ ಮೇಲೆ ಹಾಟ್‌ಫಿಕ್ಸ್, ಅಂದ್ರೆ ಅವಸರದ ತಿದ್ದುಪಡಿ.

ಮೂರನೇದು ವೈರು ಬಿಸಿಯಾಗೋ ಕಥೆ. ನನ್ನ ತೀರ್ಮಾನ ಮಾಡಿಸಿದ್ದೇ ಇದು, ಅದಕ್ಕೆ ಬಿಡಿಸಿ ಹೇಳ್ತೀನಿ. 4090 ಬಂದಾಗ್ಲೇ, 2022ರ ಅಕ್ಟೋಬರ್‌ನಲ್ಲಿ, ಅದಕ್ಕೆ ಕರೆಂಟ್ ಕೊಡೋ 16 ಪಿನ್ ಕನೆಕ್ಟರ್ ಕರಗಿದ ಫೋಟೋ ಬಂದಿದ್ವು. ಪೂರ್ತಿ ಒಳಗೆ ತಳ್ಳದೆ ಇರೋದೇ ಮುಖ್ಯ ಕಾರಣ ಅಂತ ಆಗ ಹೇಳಿದ್ರು. ಆಮೇಲೆ ಅದನ್ನ ತಿದ್ದಿ 12ವಿ-2x6 ಅಂತ ಮಾಡಿದ್ರು, ಸೆನ್ಸ್ ಪಿನ್ ಗಿಡ್ಡ ಮಾಡಿದ್ರು, ಸರಿಯಾಗಿ ಕೂರದಿದ್ರೆ ಕಾರ್ಡ್ ಪವರ್ ಎಳೀಬಾರ್ದು ಅಂತ. ಲೆಕ್ಕ ನೋಡಿ: ಕನೆಕ್ಟರ್ ಮಿತಿ 600 ವ್ಯಾಟ್, 12 ವೋಲ್ಟ್‌ನಲ್ಲಿ ಅದು 50 ಆಂಪ್ಸ್, ಆರು ವೈರಿಗೆ ಹಂಚಿದ್ರೆ ಒಂದಕ್ಕೆ ಎಂಟು ಚಿಲ್ಲರೆ. ಒಂದು ಪಿನ್ ತಡ್ಕೊಳ್ಳೋದು 9.5. ಆದ್ರೆ ಸಮನಾಗಿ ಹಂಚಿಕೆ ಆದ್ರೆ ಮಾತ್ರ ಈ ಲೆಕ್ಕ. 2025ರ ಫೆಬ್ರವರಿಯಲ್ಲಿ ಜರ್ಮನಿಯ ಡೆರ್‌ಬೌವರ್ ಅನ್ನೋ ಓವರ್‌ಕ್ಲಾಕರ್ ತನ್ನ 5090ಗೆ ಕ್ಲ್ಯಾಂಪ್ ಮೀಟರ್ ಹಾಕಿ ನೋಡಿದ್ರೆ ಒಂದೇ ವೈರಲ್ಲಿ 20 ಆಂಪ್ಸ್ ಮೇಲೆ ಹೋಗ್ತಿತ್ತು, ಎಸ್‌ಎಂಪಿಎಸ್ (ಕಂಪ್ಯೂಟರಿನ ಪವರ್ ಸಪ್ಲೈ) ಕಡೆ ಕನೆಕ್ಟರ್ 150 ಡಿಗ್ರಿ ಮುಟ್ಟಿತ್ತು. ಅದೇ ಕನೆಕ್ಟರಲ್ಲಿ 300 ವ್ಯಾಟ್ ಎಳೆದ್ರೆ ಒಟ್ಟು 25 ಆಂಪ್ಸ್, ವೈರಿಗೆ ನಾಲ್ಕು ಚಿಲ್ಲರೆ. ಹಂಚಿಕೆ ಏರುಪೇರಾದ್ರೂ ಇನ್ನೂ ಜಾಗ ಉಳಿದಿರುತ್ತೆ. ರಾತ್ರಿ ರೆಂಡರ್ ಹಾಕಿ ಬಾಗಿಲು ಹಾಕ್ಕೊಂಡು ಮನೆಗೆ ಹೋಗೋನು ನಾನು, ನಾನು ಕೆಲ್ಸ ಮಾಡೋ ಜಾಗದ ಕೆಳಗೆ ಅಂಗಡಿ ಪೂರ್ತಿ ಬಟ್ಟೆ. 5080ಯಲ್ಲಿ ಒಂದು ಡಿಕೋಡರ್ ಜಾಸ್ತಿ ಇದ್ರೂ ಮೆಮೊರಿ ಅದೇ 16 ಜಿಬಿ, ಅದಕ್ಕೆ ಇನ್ನೂ ಇಪ್ಪತ್ತೇಳು ಸಾವಿರ, ಇನ್ನೂ 60 ವ್ಯಾಟ್ ಯಾಕೆ ಕೊಡ್ಲಿ? 5070 ಟಿಐ ಅಂತ ಗಟ್ಟಿಯಾಯ್ತು.

ತಗೊಳ್ಳೋದು ಎಲ್ಲಿ? ಹಾಸನದಲ್ಲಿ ಬಿ.ಎಂ. ರೋಡ್ ಕಡೆ ವಿಚಾರಿಸ್ದೆ, ಈ ಲೆವೆಲ್ ಕಾರ್ಡು ಯಾರೂ ಸ್ಟಾಕ್ ಇಡಲ್ಲ, ಅಡ್ವಾನ್ಸ್ ಕೊಡಿ ತರಿಸಿ ಕೊಡ್ತೀವಿ ಅಂದ್ರು. ತಪ್ಪಿಲ್ಲ ಬಿಡಿ, ವರ್ಷಕ್ಕೆ ಎರಡು ಪೀಸ್ ಹೋಗೋ ಮಾಲಿಗೆ ಯಾರು ಲಕ್ಷ ಹಾಕಿ ಕೂರ್ತಾರೆ. ಬೆಂಗ್ಳೂರಿನ ಎಸ್.ಪಿ. ರೋಡಿಗೆ ಫೋನ್ ಮಾಡ್ದೆ. ಒಬ್ರು ಫೋನಲ್ಲಿ ಒಂದು ರೇಟು ಹೇಳಿ ಅಂಗಡಿಗೆ ಹೋದ್ಮೇಲೆ, 'ಸಾರ್, ಆ ರೇಟು ಕಾಂಬೋಗೆ, ಮದರ್‌ಬೋರ್ಡ್ ಜೊತೆ ತಗೊಂಡ್ರೆ ಮಾತ್ರ' ಅಂದ್ರು. ಮದರ್‌ಬೋರ್ಡ್ ಏನ್ ಮಾಡ್ಲಿ, ಗೋಡೆಗೆ ನೇತು ಹಾಕ್ಲಾ? ಬರೀ ಕಾರ್ಡ್ ಬೇಕು ಅಂದ್ರೆ ಹನ್ನೆರಡು ಸಾವಿರ ಜಾಸ್ತಿ. ಫೋನಲ್ಲೇ ಯಾಕೆ ಹೇಳ್ಲಿಲ್ಲ ಅಂದ್ರೆ ನಗ್ತಾರೆ. ಎದ್ದು ಬಂದೆ. ಅದೇ ರೋಡಲ್ಲಿ ಇನ್ನೊಂದು ಕಡೆ ಜಿಎಸ್‌ಟಿ ಬಿಲ್ ಜೊತೆ ಸಿಕ್ತು, 80,000ಕ್ಕಲ್ಲ, ಅದರ ಮೇಲೆ ಇನ್ನೂ ಸ್ವಲ್ಪ ಬಿತ್ತು, ಆದ್ರೆ ಕಾಂಬೋ ಗೀಂಬೋ ಇಲ್ಲ. ಬಿಲ್ ಮೇಲೆ ಸೀರಿಯಲ್ ನಂಬರ್ ಬರೆಸ್ಕೊಳ್ಳಿ, ಮರೀಬೇಡಿ, ವಾರಂಟಿಗೆ ಹೋದಾಗ ಮೊದಲು ಕೇಳೋದೇ ಅದು.

ಬಾಕ್ಸ್ ಬಗ್ಗೆ ಹೇಳ್ಲೇಬೇಕು. ಕಾರ್ಡ್ ಮೂವತ್ತು ಸೆಂಟಿಮೀಟರ್ ಮೇಲೆ ಸ್ವಲ್ಪ ಉದ್ದ, ಬಾಕ್ಸ್ ಅದರ ಒಂದೂವರೆ ಪಟ್ಟು. ಬಸ್ಸಿನಲ್ಲಿ ತೊಡೆ ಮೇಲೆ ಇಟ್ಕೊಂಡ್ರೆ ಮುಂದಿನ ಸೀಟಿಗೆ ತಾಗುತ್ತೆ, ಮೇಲಿನ ರ‍್ಯಾಕಿಗೆ ಹಾಕೋಕೆ ಮನಸ್ಸು ಬರಲ್ಲ, ಕುಣಿಗಲ್ ದಾಟೋ ತನಕ ಕಂಡಕ್ಟರ್ ಎರಡು ಸಲ ಏನ್ ಸಾರ್ ಅದು ಟಿವಿನಾ ಅಂತ ಕೇಳ್ದ. ಮುಂದ್ಗಡೆ ಹಸಿರು ಬೆಳಕು, ಏನೇನೋ ಹೊಳೆಯೋ ಗೆರೆ, ದೊಡ್ಡಕ್ಷರದಲ್ಲಿ ಡಿಎಲ್‌ಎಸ್‌ಎಸ್, ರೇ ಟ್ರೇಸಿಂಗ್. ವ್ಯಾಟ್ ಎಷ್ಟು ಅಂತ ಮುಂದ್ಗಡೆ ಎಲ್ಲೂ ಇಲ್ಲ. ಹಿಂದೆ ತಿರುಗಿಸಿ ಕನ್ನಡಕ ಹಾಕ್ಕೊಂಡು ನೋಡಿದ್ರೆ ಕೆಳಗಿನ ಮೂಲೆಯಲ್ಲಿ ಸಾಸಿವೆಕಾಳಷ್ಟು ಅಕ್ಷರದಲ್ಲಿ, 750 ವ್ಯಾಟ್ ಪವರ್ ಸಪ್ಲೈ ಬೇಕು ಅಂತ.

ಬಿಚ್ಚೋವಾಗ ನಮ್ಮ ಹುಡುಗನಿಗೆ ಕ್ಯಾಮರಾ ಹಿಡಿಯೋಕೆ ಹೇಳ್ದೆ, ಕಟ್ ಮಾಡದೆ ಒಂದೇ ಶಾಟ್‌ನಲ್ಲಿ, ಸೀಲ್ ಸ್ಟಿಕ್ಕರ್‌ನಿಂದ ಹಿಡಿದು. ಹೊರಗಿನ ಚಿತ್ರದ ಕವಚ ಜಾರಿಸಿದ್ರೆ ಒಳಗೆ ಕಪ್ಪು ರಟ್ಟಿನ ಡಬ್ಬ, ಅದರೊಳಗೆ ದಪ್ಪ ಫೋಮ್, ಫೋಮಲ್ಲಿ ಕಾರ್ಡಿನ ಆಕಾರಕ್ಕೇ ಕೊರೆದ ಗುಂಡಿ, ಆಂಟಿ ಸ್ಟಾಟಿಕ್ ಕವರು. ಪಕ್ಕದ ಗುಂಡಿಯಲ್ಲಿ ಎರಡು 8 ಪಿನ್ ಸೇರಿಸಿ 16 ಪಿನ್ ಮಾಡೋ ಅಡಾಪ್ಟರು, ಕಾರ್ಡ್ ಜೋಲದಂಗೆ ಕೆಳಗೆ ಕೊಡೋ ಕಬ್ಬಿಣದ ಕಾಲು. ಆ ಕಾಲು ನೋಡಿ ಹುಡುಗ, 'ಅಣ್ಣ, ಕಾರ್ಡಿಗೂ ಊರುಗೋಲಾ?' ಅಂದ. ಕಾರ್ಡ್ ಹಿಂದಿನ ಸೀರಿಯಲ್ ನಂಬರ್, ಬಾಕ್ಸಿಂದು, ಬಿಲ್ಲಿಂದು ಮೂರೂ ಕ್ಯಾಮರಾ ಮುಂದೆ ಹಿಡಿದು ತಾಳೆ ನೋಡಿದ್ವಿ.

ಅಡಾಪ್ಟರ್ ನಾನು ಉಪಯೋಗ್ಸಲಿಲ್ಲ. ಹಳೇ 650 ವ್ಯಾಟ್ ಎಸ್‌ಎಂಪಿಎಸ್ ತೆಗೆದು 850 ವ್ಯಾಟ್‌ದು, ಎಟಿಎಕ್ಸ್ 3.1 (ಪವರ್ ಸಪ್ಲೈಗಳಿಗೆ ಇರೋ ಮಾನದಂಡ) ಪ್ರಕಾರ ಮಾಡಿದ್ದು, ನೇರ 12ವಿ-2x6 ಕೇಬಲ್ ಇರೋದು ಹಾಕ್ದೆ. ಇಂಥ ಕಾರ್ಡ್‌ಗಳು ಮೈಕ್ರೋಸೆಕೆಂಡ್ ಲೆಕ್ಕದಲ್ಲಿ ಹೇಳಿದ ವ್ಯಾಟ್‌ಗಿಂತ ತುಂಬಾ ಜಾಸ್ತಿ ಎಳೀತಾವೆ, ಹಳೇ ಎಸ್‌ಎಂಪಿಎಸ್ ಕೆಲವು ಅದಕ್ಕೆ ಹೆದರಿ ಟ್ರಿಪ್ ಆಗ್ತಾವೆ. ಎಟಿಎಕ್ಸ್ 3.0 ಬಂದ್ಮೇಲೆ 100 ಮೈಕ್ರೋಸೆಕೆಂಡ್ ತನಕ ತನ್ನ ರೇಟಿಂಗ್‌ನ ಎರಡರಷ್ಟು ತಡ್ಕೋಬೇಕು ಅಂತ ನಿಯಮ ಆಗಿದೆ. ಕೇಬಲ್ ಕಾರ್ಡಿಗೆ ಹಾಕೋವಾಗ ಕಾರ್ಡ್‌ನ ಕೇಸ್‌ನಿಂದ ಹೊರಗೆ ಇಟ್ಕೊಂಡೇ ಹಾಕಿ, ಒಳಗೆ ಕೈ ಆಡಲ್ಲ. ಕಟ್ ಅಂತ ಸದ್ದು ಬರುತ್ತೆ ಅಂತಾರೆ, ನನ್ನದ್ರಲ್ಲಿ ಬರ್ಲಿಲ್ಲ, ಟಾರ್ಚ್ ಹಾಕಿ ಪಕ್ಕದಿಂದ ನೋಡಿದ್ರೆ ಕೂದಲಿನಷ್ಟು ಸಂದಿ ಕಾಣ್ತಿತ್ತು, ಹೆಬ್ಬೆರಳಿಟ್ಟು ಇನ್ನೊಂದ್ಸಲ ಒತ್ತಿದ್ಮೇಲೆ ಸಂದಿ ಮುಚ್ಚಿತು. ಕನೆಕ್ಟರ್ ಬುಡದಲ್ಲೇ ವೈರ್ ಬಗ್ಗಿಸ್ಬಾರ್ದು, ಒಂದೂವರೆ ಇಂಚು ನೆಟ್ಟಗೆ ಬಂದ್ಮೇಲೆ ಬಗ್ಗಿಸಿ.

ಆನ್ ಮಾಡೋಕೆ ಮುಂಚೆ ಎಲೆಕ್ಟ್ರಿಷಿಯನ್ ಕರೆಸಿದ್ದೆ, ಹಳೇ ಕಂಪ್ಯೂಟರ್ ಕೇಸ್ ಮುಟ್ಟಿದ್ರೆ ಆಗಾಗ ಜುಂ ಅಂತಿತ್ತು. ಆತ ಮಲ್ಟಿಮೀಟರ್ ಹಿಡಿದು ನ್ಯೂಟ್ರಲ್ಲಿಗೂ ಅರ್ತಿಗೂ ಮಧ್ಯ ನೋಡ್ದ, ಎರಡು ಮೂರು ವೋಲ್ಟ್ ಇರ್ಬೇಕಾದ ಕಡೆ ಇಪ್ಪತ್ತರ ಮೇಲೆ. 'ಅಣ್ಣ, ಲಕ್ಷ ರೂಪಾಯಿ ಪೀಸ್ ತಂದಿದೀರ, ಅರ್ತ್ ಗುಂಡಿಗೆ ಒಂದು ಕೊಡ ನೀರು ಹಾಕಿಲ್ಲ' ಅಂದ. ಕಟ್ಟಡದ ಹಿಂದೆ ಗುಂಡಿ ಒಣಗಿ ಬಿರುಕು ಬಿಟ್ಟಿತ್ತು. ಉಪ್ಪು, ಇದ್ದಿಲು ಹಾಕಿ, ತುಕ್ಕು ಹಿಡಿದಿದ್ದ ಕ್ಲ್ಯಾಂಪ್ ಬದಲಾಯಿಸಿ, ನೀರು ಬಿಟ್ಟ ಮೇಲೆ ಸರಿಹೋಯ್ತು. ಪೂರ್ತಿ ಖರ್ಚು ಆ ಕಾಂಬೋ ಅಂಗಡಿಯವನು ಕೇಳಿದ ಜಾಸ್ತಿ ದುಡ್ಡಿನ ಕಾಲು ಭಾಗನೂ ಆಗ್ಲಿಲ್ಲ. ಯುಪಿಎಸ್ ಕೂಡ ಬದಲಾಯಿಸ್ದೆ. ಹಳೇದು 1 ಕೆವಿಎ ಅಂತ ಬರೆದಿದ್ರೂ ಕೊಡೋದು 600 ವ್ಯಾಟ್, ಅದೂ ಪ್ಯೂರ್ ಸೈನ್ ವೇವ್ (ಲೈನ್ ಕರೆಂಟಿನ ತರ ನಯವಾದ ಅಲೆ) ಅಲ್ಲ, ಈಗಿನ ಎಸ್‌ಎಂಪಿಎಸ್‌ಗಳು ಕೆಲವು ಅದ್ರಲ್ಲಿ ಕರೆಂಟ್ ಹೋದ ಕ್ಷಣನೇ ಆಫ್ ಆಗ್ಬಿಡ್ತಾವೆ.

ಆನ್ ಆಯ್ತು. ಮೊದಲು ಕಾರ್ಡಿನ ವಿವರ ತೋರಿಸೋ ಜಿಪಿಯು-ಝಡ್ ಸಾಫ್ಟ್‌ವೇರ್ ತೆಗೆದು ಆರ್‌ಒಪಿ ನೋಡ್ದೆ, 96. ಸಮಾಧಾನ. ಡ್ರೈವರ್ ಹಾಕ್ದೆ, ಸ್ಕ್ರೀನ್ ಕಪ್ಪಾಗೋ ಕಾಟ ನಂಗೆ ಬರ್ಲಿಲ್ಲ. ಚನ್ನರಾಯಪಟ್ಟಣದ ಅದೇ ಮದುವೆ ಫೈಲ್ ಟೈಮ್‌ಲೈನ್‌ಗೆ ಎಳೆದೆ, ಪ್ರಾಕ್ಸಿ ಇಲ್ಲ, ಧಾರೆ ಸೀನಲ್ಲಿ ಮುಂದೆ ಹಿಂದೆ ಎಳೆದಾಡಿದ್ರೆ ಬೆರಳಿನ ಜೊತೆನೇ ಓಡುತ್ತೆ. ಪ್ಲಗ್ಗಿಗೆ ಹಾಕೋ ವ್ಯಾಟ್ ಮೀಟರ್ ತಂದಿದ್ದೆ, ಅದ್ರಲ್ಲಿ ಒಂದು ಸೋಜಿಗ ಕಾಣ್ತು: ಬರೀ ಕಟ್ ಮಾಡಿ ಎಕ್ಸ್‌ಪೋರ್ಟ್ ಹಾಕಿದ್ರೆ ಕಾರ್ಡ್ 300ರ ಹತ್ರನೂ ಹೋಗಲ್ಲ, ಡಿಕೋಡರ್ ಎನ್‌ಕೋಡರ್‌ಗೆ ಬೇಕಾಗೋ ಕರೆಂಟ್ ತುಂಬಾ ಕಮ್ಮಿ. ನಾಯ್ಸ್ ರಿಡಕ್ಷನ್ ಹಾಕಿದ ತಕ್ಷಣ ಫ್ಯಾನ್ ಸದ್ದು ಏರುತ್ತೆ, ಮೀಟರ್ ಮೇಲಕ್ಕೆ ಹೋಗುತ್ತೆ. ಆಫ್ಟರ್‌ಬರ್ನರ್ ಅನ್ನೋ ಸಾಫ್ಟ್‌ವೇರ್‌ನಲ್ಲಿ ಕಾರ್ಡಿನ ಪವರ್ ಲಿಮಿಟ್ ಶೇ. 85ಕ್ಕೆ ಇಳಿಸ್ದೆ, ಎಕ್ಸ್‌ಪೋರ್ಟ್ ಟೈಮಲ್ಲಿ ವ್ಯತ್ಯಾಸ ಕಣ್ಣಿಗೆ ಕಾಣ್ಲಿಲ್ಲ, ಫ್ಯಾನ್ ಮಾತ್ರ ತಣ್ಣಗಾಯ್ತು. ಅಲ್ಲಿಗೇ ಬಿಟ್ಟಿದೀನಿ.

ಇನ್ನು ಅಕ್ಕನ ಮಗ. ಅವನಿಗೆ ಮೊದಲು 5070 ಆಸೆ, ಆಮೇಲೆ ಅದು ಕೈ ಬಿಟ್ಟು ನೇರ 5090ಗೆ ಹಾರಿದ, ಇಎಂಐ ಇದೆ ಮಾಮ ಅಂತಾನೆ. ಭಾವ ನನ್ನ ಹತ್ರ ಬಂದು ಕೂತು ಕೇಳಿದ್ದು ಬೆಲೆಯಲ್ಲ: 'ಏನಪ್ಪಾ, ಇದು ಹಾಕಿದ್ರೆ ಜೀರೋ ಬಿಲ್ ಹೋಗುತ್ತಾ?' ಅವರ ಮನೆಗೆ ಗೃಹಜ್ಯೋತಿ. ಪೇಪರ್ ತಗೊಂಡು ಇಬ್ರೂ ಲೆಕ್ಕ ಹಾಕಿದ್ವಿ. ಕಾರ್ಡು, ಪ್ರೊಸೆಸರ್, ಮಾನಿಟರ್ ಸೇರಿ ಗೇಮ್ ಆಡೋವಾಗ 750 ವ್ಯಾಟ್ ಅಂದ್ಕೊಳ್ಳಿ, ದಿನಕ್ಕೆ ನಾಲ್ಕು ಗಂಟೆ, ತಿಂಗಳಿಗೆ 90 ಯೂನಿಟ್. ಅವರ ಮನೆ ಸರಾಸರಿ ಮೊದಲೇ ನೂರರ ಮೇಲಿದೆ, ಬೇಸಿಗೆಯಲ್ಲಿ ಇನ್ನೂ ಜಾಸ್ತಿ. ಸರಾಸರಿ ನೋಡಿ ಕೊಟ್ಟಿರೋ ಮಿತಿ ದಾಟಿದ್ರೆ ಮೇಲಿನ ಯೂನಿಟ್ಟಿಗೆ ದುಡ್ಡು, 200 ದಾಟಿದ್ರೆ ಪೂರ್ತಿ ಬಿಲ್. ಭಾವ ಪೇಪರ್ ಮಡಚಿ ಜೇಬಿಗೆ ಹಾಕ್ಕೊಂಡ್ರು, ಅದನ್ನ ಮನೇಲಿ ಫ್ರಿಜ್ ಮೇಲೆ ಅಂಟಿಸಿದ್ರಂತೆ.

ಹುಡುಗ ಬಿಡ್ಲಿಲ್ಲ, ಮೇ ತಿಂಗಳಲ್ಲಿ 5060 ಬರುತ್ತೆ ಅಂತ ಕಾದ. ಅದರ ಕಥೆ ಇನ್ನೂ ಚೆನ್ನಾಗಿತ್ತು, ಮೇ 19ಕ್ಕೆ ಲಾಂಚ್, ರಿವ್ಯೂ ಮಾಡೋರಲ್ಲಿ ಹೆಚ್ಚಿನವರಿಗೆ ಅದಕ್ಕೆ ಮುಂಚೆ ಡ್ರೈವರೇ ಕೊಡ್ಲಿಲ್ಲ, ಅದೂ ಅವರೆಲ್ಲ ಕಂಪ್ಯೂಟೆಕ್ಸ್ ಮೇಳ ಅಂತ ತೈವಾನಿನ ತೈಪೆಗೆ ಹೋಗಿರೋ ವಾರದಲ್ಲಿ. ಕಾರ್ಡ್ ಕೈಯಲ್ಲಿದ್ರೂ ಓಡಿಸೋ ಹಂಗಿಲ್ಲ. ರಿವ್ಯೂ ಇಲ್ಲದೆ ತಗೊಳ್ಳೋದು ಬೇಡ ಕಣೋ ಅಂದೆ, ಈ ಸಲ ಅವನೂ ಒಪ್ಪಿದ. ಕೊನೆಗೆ ಏಪ್ರಿಲ್‌ನಲ್ಲಿ ಬಂದಿದ್ದ 5060 ಟಿಐ, 16 ಜಿಬಿದು, ಮಳೆಗಾಲದಲ್ಲಿ ತಗೊಂಡ. ಅಷ್ಟೊತ್ತಿಗೆ ಅದರ ಬಗ್ಗೆ ಹೇಳೋದೆಲ್ಲ ಎಲ್ರೂ ಹೇಳಿ ಮುಗಿಸಿದ್ರು. 180 ವ್ಯಾಟು. ಭಾವ ಅದಕ್ಕೂ ಒಂದು ಪೇಪರ್ ಬರೆಸ್ಕೊಂಡು ಹೋಗಿದಾರೆ.